ಶ್ಯಾಮಣ್ಣನವರ ದನಿಗೆ ಸುತ್ತಿದ ತಂತಿ

ಪೀಣ್ಯದ ಕಾರ್ಖಾನೆಗಳಲ್ಲಿ ತಯಾರಿಸುವವರಿಗೆ ಸಿಗುವ ಹೆಸರು ಪರೀಕ್ಷಿಸುವವರಿಗೆ ಸಿಗುವುದಿಲ್ಲ. ಅಂಥ ನಿಷ್ಠುರದ ಕೆಲಸವನ್ನು ನಮ್ಮ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಸೇವೆಯುದ್ದಕ್ಕೂ ಮಾಡಿ, ಪರೀಕ್ಷಾ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತರಾಗುತ್ತಿರುವ ಶ್ರೀಮತಿ ಹೇಮಲತಾ ಅವರ ಬಗ್ಗೆ ಬರೆಯುವ ಅವಕಾಶ, ಅವರಿಂದ ಹಲವು ಬಾರಿ ‘ಫೇಲ್’ ಎನಿಸಿಕೊಂಡ ವಿನ್ಯಾಸ ವಿಭಾಗದವಳಾದ ನನಗೆ ಒದಗಿದೆ.

ಜಾಲಹಳ್ಳಿಯ ಕ್ವಾರ್ಟರ್ಸ್‌ನಲ್ಲಿ ಬೆಳೆದ ಅವರು ಡಿಪ್ಲೊಮಾ ಮುಗಿಸಿ ಕಾರ್ಖಾನೆ ಸೇರಿ, ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. ನಾನು ಹೆರಿಗೆ ರಜೆ ಮುಗಿಸಿ ಬಂದಾಗ ನನ್ನ ವರದಿಗಳನ್ನೇ ಮೊದಲು ನೋಡಿ, ಬೇಗ ಮನೆಗೆ ಅಟ್ಟುತ್ತಿದ್ದರು. ಆದರೆ ಒಂದಕ್ಕೂ ಓದದೆ ಸಹಿ ಹಾಕಲಿಲ್ಲ, ಮಹಾತಾಯಿ!

ಕಳೆದ ಆಯುಧಪೂಜೆಯ ಸಂಗತಿಯನ್ನು ಇಲ್ಲಿ ದಾಖಲಿಸಲೇಬೇಕು. ಪ್ರತಿವರ್ಷ ಪೂಜೆಯ ಹಾಡು ಹೇಳುತ್ತಿದ್ದ ಹಿರಿಯ ಫಿಟ್ಟರ್ ಶ್ಯಾಮಣ್ಣನವರ ದನಿ ಗಂಟಲಿನ ಆಪರೇಷನ್ ನಂತರ ಪಿಸುಮಾತಿನಷ್ಟಾಗಿತ್ತು. ಅದರ ಹಿಂದಿನ ವರ್ಷ ಬಾಡಿಗೆಯ ಮೈಕಿನಲ್ಲಿ ಅದು ಬರೀ ಗಾಳಿಯಾಗಿ ಕೇಳಿಸಿತ್ತು. “ಈ ಸಲಾನೂ ಕೇಳಿಸ್ಲಿಲ್ಲಾಂದ್ರೆ ಇನ್ನು ಮೈಕ್ ಮುಟ್ಟಲ್ಲ ಕಣಮ್ಮಾ” ಎಂದು ಅವರು ನನ್ನೆದುರೇ ಹೇಳಿದ್ದರು. ಅದಕ್ಕಾಗಿಯೇ ಪರೀಕ್ಷಾ ವಿಭಾಗದ ಶಿವಶಂಕರ್ ತಾವೇ ಒಂದು ಆಂಪ್ಲಿಫೈಯರ್ ಕಟ್ಟಿದರು. ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ನಡೆಸಿನೋಡಿದ ಸಿಮ್ಯುಲೇಶನ್‌ನಲ್ಲಿ ಅದು ಅಚ್ಚುಕಟ್ಟಾಗಿತ್ತು.

ಪೂಜೆಯ ದಿನ ಸ್ವಿಚ್ ಹಾಕಿದರೆ ಅದು ಗೊರಗೊರ ಎಂದು, ಮುಟ್ಟಲಾಗದಷ್ಟು ಕಾಯಿತು. ಎಲ್ಲೋ ಜೋಡಣೆ ಬಿಟ್ಟಿದೆ ಎಂದುಕೊಂಡರು ಶಿವಶಂಕರ್. ಬೆಸುಗೆ ಹಾಕೋಣವೆಂದರೆ ಸೋಲ್ಡರಿಂಗ್ ಐರನ್ ಅರಿಶಿನ, ಕುಂಕುಮ ಹಚ್ಚಿಸಿಕೊಂಡು ದೇವಿಯ ಮುಂದೆ ಕೂತಿತ್ತು. ಅವರು ಕೈ ಚಾಚಿದ್ದೇ ತಡ, “ಪೂಜೆಗಿಟ್ಟಿದ್ದನ್ನ ಎತ್ತಬೇಡಿ ಕಣ್ರೀ. ಇವತ್ತು ಅದಕ್ಕೂ ರಜಾ” ಎಂದರು ಹೇಮಲತಾ.

ಆಮೇಲೆ ಅವರೇ, ದೂರದ ಗೇಟಿನ ಬಳಿ ಇಟ್ಟಿದ್ದ ಸ್ಪೀಕರಿಗೆ ಹೋಗಿದ್ದ ಕೇಬಲ್ ಕಳಚಿ, ಪಕ್ಕದಲ್ಲೇ ಒಂದು ಸ್ಪೀಕರ್ ಜೋಡಿಸಿದರು. ಯಂತ್ರ ಸುಮ್ಮನಾಯಿತು. ಕೇಬಲ್ ಮರಳಿ ಜೋಡಿಸಿದರೆ ಮತ್ತೆ ಗೊರಗೊರ. ನಮ್ಮ ಪರೀಕ್ಷಾ ವಿಭಾಗದವರಿಗೆ ಎಲ್ಲಕ್ಕೂ ಲೋಹದ ಜಾಲರಿ ಹೊದಿಸಿದ ಕೇಬಲ್ಲೇ ಬೇಕು. ಸ್ಪೀಕರಿಗೂ ಅದನ್ನೇ ಅಷ್ಟುದ್ದ ಎಳೆದಿದ್ದರು. ಅದು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರಿನಂತೆ ವರ್ತಿಸಿ ಆಂಪ್ಲಿಫೈಯರನ್ನು ಅಸ್ಥಿರಗೊಳಿಸುತ್ತಿತ್ತು.

“ಕಂಪ್ಯೂಟರ್‌ಗೆ ಈ ಕೇಬಲ್ ವಿಷಯ ಹೇಳಿದ್ರಾ?” ಎಂದು ಕೇಳಿದರು ಹೇಮಲತಾ.

“ಇಲ್ಲ ಮೇಡಂ. ಸ್ಪೀಕರ್ ಬದಲು ಒಂದು ರೆಸಿಸ್ಟರ್ ಹಾಕಿದ್ದೆ, ಅಷ್ಟೇ. ಹಾಳು ಕಂಪ್ಯೂಟರ್ರು ಎಲ್ಲಾ ಸರಿಯಿದೆ ಅಂತ ತೋರಿಸ್ತು.”

“ಮತ್ತೆ ಅದನ್ಯಾಕೆ ಬೈತೀರಾ? ನೀವು ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿದೆ.”

ಬೇರೆ ಕೇಬಲ್ ಎಳೆಯಲು ಸಮಯವಿರಲಿಲ್ಲ. ಅವರು ದಪ್ಪ ತಾಮ್ರದ ತಂತಿಯೊಂದನ್ನು ತಮ್ಮ ಪೆನ್ನಿನ ಮೇಲೆ ಒತ್ತಾಗಿ ಸುತ್ತಿ, ಕ್ಯಾಂಟೀನಿನ ಚಾಕುವಿನಿಂದ ತುದಿಗಳ ವಾರ್ನಿಷ್ ಕೆರೆದು, ಆಂಪ್ಲಿಫೈಯರಿಗೂ ಕೇಬಲಿಗೂ ನಡುವೆ ಸ್ಕ್ರೂ ಬಿಗಿದು ಕೂರಿಸಿದರು. ಆ ಸುರುಳಿ ಕೇಬಲಿನ ಕಾಟ ಯಂತ್ರಕ್ಕೆ ತಟ್ಟದಂತೆ ತಡೆಯಿತು; ಗೊರಗೊರ ನಿಂತಿತು.

ಶ್ಯಾಮಣ್ಣ ಎರಡು ಸಾಲು ಹಾಡಿ, ಅಳುಕಿನಿಂದ ನಿಲ್ಲಿಸಿ, “ಕೇಳಿಸ್ತಿದ್ಯೇನ್ರಪ್ಪಾ?” ಎಂದರು. ಗೇಟಿನ ಬಳಿಯಿಂದ ಲೋಡಿಂಗ್ ಕೆಲಸದ ಮುದಕಪ್ಪ ಕೂಗಿದ: “ಕೇಳಸ್ತೈತ್ರೀ ಯಣ್ಣಾ, ನಿಲ್ಲಸಬ್ಯಾಡ್ರೀ!” ನನಗೆ ಕಣ್ಣು ತುಂಬಿತು. ಹೇಮಲತಾ ಮಾತ್ರ, ಯಂತ್ರ ಮತ್ತೆ ಕಾಯುತ್ತಿದೆಯೇ ಎಂದು ಅದರ ಹೀಟ್‌ಸಿಂಕ್ ಮೇಲೆ ಬೆರಳಿಟ್ಟುಕೊಂಡು, ಹಾಡು ಮುಗಿಯುವವರೆಗೂ ಅಲ್ಲೇ ನಿಂತಿದ್ದರು.

ಅವರಿಗೆ ದೀರ್ಘಾಯುಸ್ಸು, ಬಿಡುವಿಲ್ಲದಷ್ಟು ಇಷ್ಟದ ಕೆಲಸ ಎರಡೂ ಕೂಡಿಬರಲಿ. ಆಂಪ್ಲಿಫೈಯರಿನಲ್ಲಿ ಆ ಸುರುಳಿ ಇನ್ನೂ ಹಾಗೆಯೇ ಇದೆ. ಬೆಸುಗೆ ಹಾಕಲು ನಾವು ಯಾರೂ ಒಪ್ಪಿಲ್ಲ. ಬೀಳ್ಕೊಡುಗೆಯ ದಿನ ಅದೇ ಯಂತ್ರದಲ್ಲಿ ಮೊದಲ ಮಾತು ಶ್ಯಾಮಣ್ಣನವರದು. ಮೇಡಂ, ಅಂದಾದರೂ ಯಂತ್ರದ ಪಕ್ಕ ನಿಲ್ಲದೆ ಮುಂದಿನ ಸಾಲಿನಲ್ಲಿ ಕೂತು ಕೇಳಿ.