ಹೊನ್ನೂರಪ್ಪ ಸಾಹೇಬನಿಗೆ ಹೂಂಗುಟ್ಟಿದ್ದು

ಗುರುಗುಂಟಾದ ಹೊನ್ನೂರಪ್ಪ ನಿಜಾಮನ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಬಿ.ಎ. ಮುಗಿಸಿದ್ದು ಉರ್ದು ಮಾಧ್ಯಮದಲ್ಲಿ. ಅದರೊಳಗೆ ಇಂಗ್ಲಿಷ್ ವ್ಯಾಕರಣವೂ ಒಂದು ವಿಷಯ. ಅವನಿಗೆ ಹುಚ್ಚು ಹಿಡಿದದ್ದು ಅದರದೇ. 'ಭಾಷೆಗೆ ಬುದ್ಧಿ ಹೇಳಬೇಡಿ, ಜನ ಹೇಗೆ ಆಡುತ್ತಾರೋ ಹಾಗೆ ಗಮನಿಸಿ' ಎಂದು ಪ್ರೊಫೆಸರರು ಹೇಳಿದ್ದರು. ಗಮನಿಸಲು ಇಂಗ್ಲಿಷರು ಮಾತ್ರ ಸಿಕ್ಕಿರಲಿಲ್ಲ. ಯಾವ ವಾಕ್ಯ ಕೊಟ್ಟರೂ ಕೀಲುಕೀಲು ಬಿಡಿಸುತ್ತಿದ್ದ; ತಾನಾಗಿ ಒಂದು ವಾಕ್ಯ ಆಡಬೇಕೆಂದರೆ ಬೆವರುತ್ತಿದ್ದ. ಆಕಳಿನ ಎಲುಬೆಲ್ಲ ಎಣಿಸಬಲ್ಲೆ, ಹಾಲು ಹಿಂಡಲು ಬಾರದು ಎಂದು ತನ್ನನ್ನೇ ಅಣಕಿಸಿಕೊಳ್ಳುತ್ತಿದ್ದ. ಊರಿಗೆ ಇದು ಗೊತ್ತಿರಲಿಲ್ಲ; ತಿಳಿಸುವ ಅವಸರ ಅವನಿಗೂ ಇರಲಿಲ್ಲ.

ಅವನು ಊರಿಗೆ ಮರಳಿದ ಬೇಸಿಗೆಯಲ್ಲಿ ಲಿಂಗಸುಗೂರಿನ ರಸ್ತೆ ಅಳೆಯಲು ಬಂದ ಇಂಗ್ಲಿಷ್ ಇಂಜಿನಿಯರ್ ಊರ ಕೆರೆಯ ದಂಡೆಯಲ್ಲೇ ಡೇರೆ ಹಾಕಿದ. ಕುರಿಗಳು ನೀರಿಗಿಳಿಯುವ ದಾರಿ ಅದೊಂದೇ. ಸಾಹೇಬನ ಜವಾನರು ಹಿಂಡನ್ನು ಹೊಡೆದಟ್ಟಿದರು. ಬಾಯಾರಿದ ಕುರಿಗಳು ಒದರತೊಡಗಿದವು.

"ನೀ ಓದಿದ್ದು ಇನ್ಯಾವಾಗ ಕೆಲಸಕ್ಕ ಬರ್ತೈತಲೇ? ಹೋಗಿ ಸಾಹೇಬಗ ಹೇಳು, ಡೇರೆ ಸರಿಸಂತ," ಎಂದ ಕಾಕಾ ಮಾನಪ್ಪ.

ಹೊನ್ನೂರಪ್ಪ ಕೋಟು ತೊಟ್ಟು ಹೋದ. ಅವನು ಬಾಯಿ ತೆರೆಯುವ ಮೊದಲೇ ಸಾಹೇಬ ಮಾತು ಶುರು ಹಚ್ಚಿದ. ಅಬ್ಬಾ, ಜೀವಂತ ಇಂಗ್ಲಿಷ್! ಪದದ ತುದಿಯನ್ನು ಹೇಗೆ ನುಂಗುತ್ತಾನೆ, ಕೇಳುವಾಗ ದನಿ ಎಲ್ಲಿ ಏರುತ್ತದೆ ಎಂದು ನೋಡುವುದರಲ್ಲೇ ಹೊನ್ನೂರಪ್ಪ ಮುಳುಗಿಹೋದ. ದೊಡ್ಡವರು ಮಾತಾಡುವಾಗ ಹೂಂಗುಟ್ಟದಿದ್ದರೆ ಈ ಸೀಮೆಯಲ್ಲಿ ಮರ್ಯಾದೆಗೇಡು. ಹಾಗಾಗಿ ಮಾತುಮಾತಿಗೂ "ಯೆಸ್, ಯೆಸ್" ಅಂದ. ಸಾಹೇಬ ಖುಷಿಯಾಗಿ ಕೈ ಕುಲುಕಿದ.

ಮರುದಿನ ದಂಡೆಯ ಮೇಲೆ ಇನ್ನೆರಡು ಡೇರೆ ಎದ್ದಿದ್ದವು.

"ಏನ್ ಹೇಳಿ ಬಂದೀಲೇ?"

"ಸಾಹೇಬ್ರು ಏನೋ ಕೇಳಿದ್ರು ಕಾಕಾ. ನಾ ಹೂಂ ಅಂದೆ."

"ಏನ್ ಕೇಳಿದ್ರು?"

"ಅದು ತಲಿಗೆ ಹೋಗ್ಲಿಲ್ಲ. ಹೆಂಗ ಕೇಳಿದ್ರು ಅನ್ನೂದು ಬೇಕಾದ್ರ ಹೇಳ್ತೀನಿ."

ಮಾನಪ್ಪ ಕಾಲಿನ ಕೆರ ಕೈಗೆ ತೆಗೆದ. ಹೊನ್ನೂರಪ್ಪ ಕೋಟಿಲ್ಲದೆ, ಬರೀ ಅಂಗಿಯಲ್ಲೇ ಡೇರೆಗೆ ಓಡಿದ. ಕುರಿ ಸಾಯುತ್ತಿವೆ ಎಂದು ಏದುಸಿರಿನಲ್ಲಿ ಉರ್ದುವಿನಲ್ಲೇ ಒದರಿಬಿಟ್ಟ. ವರ್ಷಗಟ್ಟಲೆ ನಿಜಾಮನ ಸೀಮೆಯಲ್ಲಿದ್ದ ಸಾಹೇಬ ಅಷ್ಟೇ ಚೊಕ್ಕ ಉರ್ದುವಿನಲ್ಲಿ, "ನಿನ್ನೆಯೇ ಹೇಳಬಾರದಿತ್ತೆ? ಇನ್ನೆರಡು ಡೇರೆ ಹಾಕಿದರೆ ಅಡ್ಡಿಯಿಲ್ಲವೇ ಎಂದು ನಿಮ್ಮನ್ನೇ ಕೇಳಿದೆ. ಕೋಟು ಕಂಡು ಇಂಗ್ಲಿಷಿನಲ್ಲಿ ಕೇಳಿದ್ದು ನನ್ನದೇ ತಪ್ಪು," ಎಂದ.

ಮಧ್ಯಾಹ್ನದೊಳಗೆ ಡೇರೆಗಳು ಗುಡ್ಡದ ಕಡೆ ಸರಿದವು. ಕುರಿಗಳು ಮುಗಿಬಿದ್ದು ನೀರು ಕುಡಿದವು.

"ಸಾಹೇಬ ಗಟ್ಟಿ ಆಳ್ರೀ," ಎಂದು ಮಾನಪ್ಪ ದಂಡೆಯ ಮೇಲೆ ನಿಂತವರಿಗೆ ಹೇಳುತ್ತಿದ್ದ. "ನಮ್ಮ ಹುಡುಗನ ಇಂಗ್ಲೀಷಿಗೆ ಜಗ್ಗಲಿಲ್ಲ. ಆಮ್ಯಾಲ ಇವ ಉರ್ದು ಬಾಣ ಬಿಟ್ಟ ನೋಡ್ರಿ, ಸಾಹೇಬ ಅಲ್ಲಾಡಿಬಿಟ್ಟ!"

ಕುರಿಗಳ ನಡುವೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಹೊನ್ನೂರಪ್ಪನಿಗೂ ಕಾಕಾ ಹೇಳಿದ್ದೇ ಸರಿಯೆನಿಸಿತು.