ಆಸ್ಟ್ರೇಲಿಯಾಕ್ಕೆ ಹೋಗಿಬಂದ ಟೀಚರ್

ನಮ್ಮ ಟೀಚರ ಎಡಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ನಡುವಿನ ಗೆಣ್ಣು ಊದಿಕೊಂಡು, ಬೆರಳು ಅಲ್ಲಿಂದ ಹೊರಕ್ಕೆ ತಿರುಗಿ ನಿಂತಿತ್ತು. ಅವರು ಕೈ ಚಾಚಿ ಮೈದಾನದ ಒಂದು ಮೂಲೆ ತೋರಿಸಿದರೆ ಆ ಬೆರಳು ಮಾತ್ರ ಇನ್ನೆಲ್ಲೋ ತೋರಿಸುತ್ತಿತ್ತು. ಹೈಸ್ಕೂಲಿಗೆ ಹೊಸದಾಗಿ ಸೇರಿದ್ದ ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ದೊಡ್ಡ ಕ್ಲಾಸಿನ ಹುಡುಗಿಯರು ನಮ್ಮನ್ನು ಗದರಿದರು. ಅದು ಆಸ್ಟ್ರೇಲಿಯಾದಲ್ಲಿ ಮುರಿದ ಬೆರಳಂತೆ.

ಮೂಡಿಗೆರೆಯ ನಮ್ಮ ಶಾಲೆಯಲ್ಲಿ ಅವರು ಪಿ.ಟಿ. ಟೀಚರ್. ಊರು ವಸ್ತಾರೆ. ಬೆಂಗಳೂರಿನಲ್ಲಿ ಕಾಲೇಜು ಓದುವಾಗ ಕ್ರಿಕೆಟ್ಟಿನ ಹುಚ್ಚು ಹಿಡಿದು, ವಿಕೆಟ್ ಕೀಪರ್ ಆಗಿ ರಾಜ್ಯಕ್ಕೆ ಆಡಿದ್ದರು. ಒಂದೇ ಒಂದು ಸಲ ದೇಶದ ಮಹಿಳಾ ತಂಡದ ಜೊತೆ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೋಗಿಬಂದಿದ್ದರು. ಊರಿನವರಿಗೆ ಅಷ್ಟು ಸಾಕಾಗಿತ್ತು. ಬಸ್ಸಿನಲ್ಲಿ ಅವರಿಗೆ ಸೀಟು ಬಿಟ್ಟುಕೊಡುತ್ತಿದ್ದರು, ಹೊಸಬರಿಗೆ ತೋರಿಸಿ ಇವರು ಭಾರತಕ್ಕೆ ಆಡಿದವರು ಅನ್ನುತ್ತಿದ್ದರು.

ಒಂದು ಸ್ವಾತಂತ್ರ್ಯ ದಿನದಂದು ಹೆಡ್‌ಮಾಸ್ಟರೂ ಹಾಗೇ ಹೇಳಿದರು. ಅತಿಥಿಯಾಗಿ ಬಂದಿದ್ದ ಎಸ್ಟೇಟಿನ ಸಾಹುಕಾರರ ಮುಂದೆ ಟೀಚರನ್ನು ನಿಲ್ಲಿಸಿ, ಪರದೇಶದ ನೆಲದಲ್ಲಿ ದೇಶಕ್ಕಾಗಿ ಆಡಿದ ನಮ್ಮ ಹೆಮ್ಮೆ ಎಂದು ಹೊಗಳಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಸೋನೆ ಮಳೆ ಸುರಿಯುತ್ತಿತ್ತು. ಟೀಚರ್ ಮೈಕು ಹಿಡಿದರು.

“ನಾನು ಹೋಗಿದ್ದು ನಿಜ. ಆದ್ರೆ ಅಲ್ಲಿ ಒಂದು ಮ್ಯಾಚೂ ಆಡಿಲ್ಲ. ಹೋಗೋದು ಬೇರೆ, ಆಡೋದು ಬೇರೆ. ಮಕ್ಕಳಿಗೆ ಸುಳ್ಳು ಹೇಳ್ಬಾರ್ದು.”

ಅಷ್ಟು ಹೇಳಿ ಮೈಕು ವಾಪಸ್ ಕೊಟ್ಟು, ಲಾಡು ಹಂಚುವ ಬುಟ್ಟಿಯ ಹತ್ತಿರ ಹೋಗಿ ನಿಂತರು. ಸಾಹುಕಾರರು ಚಪ್ಪಾಳೆ ತಟ್ಟಲೋ ಬೇಡವೋ ತಿಳಿಯದೆ ಮಗ್ಗುಲಿನವರ ಮುಖ ನೋಡಿದರು. ಅವತ್ತಿನಿಂದ ಊರಿನಲ್ಲಿ ಅವರ ಬೆಲೆ ಒಂದು ಕೂದಲೆಳೆಯಷ್ಟು ಇಳಿಯಿತು. ಅವರು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ನಮ್ಮದು ಇಳಿಜಾರಿನ ಮೈದಾನ. ಚೆಂಡು ಬೇಲಿ ದಾಟಿ ಕಾಫಿ ಗಿಡಗಳೊಳಗೆ ಹೋದರೆ, ತರಲು ಹೋದವಳು ಕಾಲಿಗೆ ರಕ್ತ ಹೀರುವ ಇಂಬಳ ಅಂಟಿಸಿಕೊಂಡೇ ಬರುವಳು. ಮಳೆಗಾಲದ ತಿಂಗಳುಗಳಲ್ಲಿ ಶಾಲೆಯ ಉದ್ದ ಜಗಲಿಯಲ್ಲಿ ಒದ್ದೆ ಟೆನಿಸ್ ಚೆಂಡಿನಲ್ಲಿ ಕ್ಯಾಚ್ ಹಿಡಿಸುತ್ತಿದ್ದರು. ಒದ್ದೆ ಚೆಂಡು ಹಿಡಿದವಳಿಗೆ ಒಣ ಚೆಂಡು ಯಾವ ಲೆಕ್ಕ ಅನ್ನುವುದು ಅವರ ಮಾತು. ಜೋರಾಗಿ ಬೈದದ್ದು ನೆನಪಿಲ್ಲ. ಚೆನ್ನಾಗಿ ಹಿಡಿದಾಗಲೂ ಹೊಗಳುತ್ತಿರಲಿಲ್ಲ, “ಹ್ಞೂಂ, ಮತ್ತೆ” ಅನ್ನುತ್ತಿದ್ದರು. ಕೊಟ್ಟಿಗೆಹಾರದ ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಬರುತ್ತಿದ್ದ, ಮೇಸ್ತ್ರಿಯ ಮಗಳಾದ ನನ್ನನ್ನು ಅವರು ಕೀಪರ್ ಮಾಡಿದರು. ಆ ಗ್ಲೌಸು ಹಾಕಿಕೊಂಡ ಕ್ಷಣ ನನಗೆ ನಾನೂ ಯಾರೋ ಒಬ್ಬಳು ಅನ್ನಿಸಿತ್ತು.

ಹತ್ತನೇ ಕ್ಲಾಸಿನಲ್ಲಿ ನಮ್ಮ ತಂಡ ಜಿಲ್ಲಾ ಮಟ್ಟದ ಪಂದ್ಯಕ್ಕೆ ಚಿಕ್ಕಮಗಳೂರಿಗೆ ಹೋಯಿತು. ಆಟಕ್ಕೆ ಮೊದಲು ಅಭ್ಯಾಸ ಮಾಡುವಾಗ ಚೆಂಡು ನನ್ನ ಹೆಬ್ಬೆರಳಿನ ಬುಡಕ್ಕೆ ಬಡಿಯಿತು. ನೋಡನೋಡುತ್ತ ಊದಿತು. ಏನೂ ಆಗಿಲ್ಲ, ಆಡುತ್ತೇನೆ ಎಂದು ಗೋಗರೆದೆ. ಟೀಚರ್ ಹೆಬ್ಬೆರಳನ್ನು ಮೆಲ್ಲಗೆ ಮಡಚಿ ನೋಡಿ, ನನ್ನ ಗ್ಲೌಸನ್ನು ಬೇರೊಬ್ಬಳಿಗೆ ಕೊಟ್ಟರು. ನಾನು ಮೈದಾನದ ಅಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಮೊದಲ ಓವರ್ ಮುಗಿದ ಮೇಲೆ ಅವರು ಬಂದು ಪಕ್ಕದಲ್ಲಿ ಕೂತರು. ಸಮಾಧಾನ ಹೇಳಲಿಲ್ಲ. ಯಾರಿಗೂ ಹೇಳದ ಆ ಪ್ರವಾಸದ ಕಥೆಯನ್ನು ಆಟದಿಂದ ಕಣ್ಣು ತೆಗೆಯದೆ ಹೇಳಿದರು.

ಪ್ರವಾಸದ ಮೊದಲ ಮ್ಯಾಚುಗಳಲ್ಲಿ ಅವರು ಬೆಂಚಿನ ಮೇಲೆ ಕೂತು, ಆಡುವವರಿಗೆ ನೀರು ಒಯ್ದರಂತೆ. ಮೊದಲ ಕೀಪರ್ ಕಾಲು ನೋವಿನಿಂದ ಹೊರಗುಳಿದಾಗ ನಾಳೆ ನೀನೇ ಎಂದು ಕ್ಯಾಪ್ಟನ್ ಹೇಳಿದರಂತೆ. ಆ ಸಂಜೆಯ ಅಭ್ಯಾಸದಲ್ಲಿ ಚೆಂಡು ಕಿರುಬೆರಳಿಗೆ ಬಡಿಯಿತು. ಬೇರೆ ಯಾರೂ ನೋಡಿರಲಿಲ್ಲ. ಬಟ್ಟೆ ಸುತ್ತಿ ಗ್ಲೌಸಿನೊಳಗೆ ತೂರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇವರೇ ಹೋಗಿ ಮ್ಯಾನೇಜರಿಗೆ ಹೇಳಿದರು. ಬ್ಯಾಟುಗಾರ್ತಿಯೆಂದೇ ತಂಡದಲ್ಲಿದ್ದ, ಕೀಪಿಂಗೂ ಬಲ್ಲ ಇವರ ರೂಮ್‌ಮೇಟ್‌ಗೆ ಆ ಜಾಗ ಸಿಕ್ಕಿತು. ಅವಳು ಚೆನ್ನಾಗಿ ಆಡಿದಳು. ಆಮೇಲೆ ವರ್ಷಗಟ್ಟಲೆ ಅವಳೇ ದೇಶಕ್ಕೆ ಕೀಪರ್ ಆದಳು. ಇವರ ಬೆರಳು ಸೊಟ್ಟಗೇ ಕೂಡಿಕೊಂಡಿತು. ಹೆಂಗಸರ ತಂಡಕ್ಕೆ ಆಗ ಪ್ರವಾಸಗಳೇ ಅಪರೂಪ. ಮತ್ತೆ ಕರೆ ಬರಲಿಲ್ಲ.

ನಾನು ಅಳು ನಿಲ್ಲಿಸಿ, ನೀವು ಹೇಳಿದ್ದು ತಪ್ಪಾಯಿತಾ ಎಂದು ಕೇಳಿದೆ.

“ಹೇಳಿದ್ದು ಸರಿಯೇ. ಮುರಿದ ಕೈಯಲ್ಲಿ ಕ್ಯಾಚ್ ಬಿಟ್ಟಿದ್ರೆ ಹನ್ನೊಂದು ಜನಕ್ಕೂ ಮೋಸ. ಆದ್ರೆ ನೋಡು ಮಾರಾಯ್ತಿ, ಸರಿಯಾದದ್ದು ಮಾಡಿದ್ರೆ ಮನಸ್ಸಿಗೆ ಸಮಾಧಾನ ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ನಂಗೆ ಇವತ್ತಿಗೂ ಸಿಕ್ಕಿಲ್ಲ.”

ಹದಿನೈದು ವರ್ಷದ ಹುಡುಗಿಗೆ ಹೇಳುವ ಮಾತಾಗಿರಲಿಲ್ಲ ಅದು. ಅರ್ಥವಾಗಲು ನನಗೆ ಬಹಳ ಕಾಲ ಬೇಕಾಯಿತು. ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಮೂಡಿಗೆರೆಯಲ್ಲೇ ನೆಲೆಸಿದ ಮೇಲೆ ಒಂದು ವರ್ಷ ಅಮ್ಮ ಆಸ್ಪತ್ರೆ ಸೇರಿದರು. ಇನ್ನು ಉಸಿರಾಟದ ಯಂತ್ರ ಬೇಡ, ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಡಾಕ್ಟರಿಗೆ ಹೇಳಿದವಳು ನಾನು. ಮನೆಗೆ ಬಂದು ಎರಡೇ ದಿನಕ್ಕೆ ಅಮ್ಮ ತೀರಿಕೊಂಡರು. ಅಪ್ಪ, ತಮ್ಮ, ನೆಂಟರು ಎಲ್ಲರೂ ನೀನು ಮಾಡಿದ್ದು ಸರಿ ಎಂದರು. ಎಷ್ಟು ಸಲ ಕೇಳಿದರೂ ಎದೆಯ ಕಲ್ಲು ಇಳಿಯಲಿಲ್ಲ. ಟೀಚರ್ ಒಬ್ಬರೇ ಆ ಮಾತು ಹೇಳಲಿಲ್ಲ. ಬಂದರು, ಕೂತರು, ನಾನು ಮಾಡಿಕೊಟ್ಟ ಕಾಫಿ ಕುಡಿದರು, ಮರುದಿನ ಮತ್ತೆ ಬಂದರು. ಇದು ಹೀಗೇ ಇರುತ್ತದೆ, ಇಟ್ಟುಕೊಂಡೇ ಬದುಕಬೇಕು ಎಂದು ನನಗೆ ತಿಳಿದದ್ದು ಆ ದಿನಗಳಲ್ಲಿ.

ನಿವೃತ್ತಿಯಾದ ಮೇಲೆ ಅವರು ವಸ್ತಾರೆಗೆ, ತಂಗಿಯ ಮನೆಗೆ ಹೋದರು. ಮದುವೆಯಾಗಿರಲಿಲ್ಲ. ಎರಡು ವರ್ಷದ ಹಿಂದೆ ಹೊಟ್ಟೆನೋವು ಎಂದು ಶುರುವಾದದ್ದು ಕ್ಯಾನ್ಸರ್ ಎಂದು ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಹಾಸಿಗೆ ಹಿಡಿದರು. ಅದೇ ಸಮಯಕ್ಕೆ ನಮ್ಮ ಮಹಿಳಾ ತಂಡ ಆಸ್ಟ್ರೇಲಿಯಾ ಪ್ರವಾಸ ಹೊರಟಿತು. ತಂಗಿ ಮಂಚವನ್ನು ಟಿ.ವಿ. ಮುಂದೆ ಹಾಕಿಸಿದರು. ನಾನು ರಜೆ ಸಿಕ್ಕ ದಿನಗಳಲ್ಲಿ ಹೋಗಿ ಜೊತೆಗೆ ಕೂರುತ್ತಿದ್ದೆ. ರನ್ನು, ವಿಕೆಟ್ಟುಗಳ ಬಗ್ಗೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಕ್ಯಾಮೆರಾ ಬೆಂಚಿನ ಕಡೆ ತಿರುಗಿದರೆ ದಿಂಬಿನಿಂದ ತಲೆ ಎತ್ತುತ್ತಿದ್ದರು. ಆ ಹುಡುಗಿಗೆ ಇವತ್ತೂ ಕೊಡಲಿಲ್ಲವಲ್ಲ ಎಂದು ನೊಂದುಕೊಳ್ಳುತ್ತಿದ್ದರು.

ಒಂದು ಭಾನುವಾರ ಆ ರೂಮ್‌ಮೇಟ್ ಬಂದರು. ಕೆಲಸದ ಮೇಲೆ ಬೆಂಗಳೂರಿಗೆ ಬಂದು ಅಲ್ಲೇ ಉಳಿದ ಹೈದರಾಬಾದಿನವರು. ಈಗ ತಲೆ ಪೂರ್ತಿ ಬಿಳಿ, ಮಗಳು ಕಾರಿನಲ್ಲಿ ಕರೆತಂದಿದ್ದಳು. ವರ್ಷಕ್ಕೊಮ್ಮೆ ಅವರು ಫೋನ್ ಮಾಡುತ್ತಿದ್ದರಂತೆ, ಟೀಚರ್ ಕ್ಷೇಮ ಕೇಳಿ ಇಟ್ಟುಬಿಡುತ್ತಿದ್ದರಂತೆ. ಆ ಹಳೆಯ ಪ್ರವಾಸದ ನಂತರ ಇಬ್ಬರೂ ಮುಖ ನೋಡಿದ್ದು ಅವತ್ತೇ. ಅವರು ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ಟೀಚರ ಕೈ ಹಿಡಿದುಕೊಂಡರು.

“ನಿನ್ನ ಜಾಗದಲ್ಲಿ ನಾನು ಆಡಿಬಿಟ್ಟೆ,” ಎಂದರು.

“ಆಡಿದ್ಮೇಲೆ ಅದು ನಿನ್ನ ಜಾಗವೇ,” ಎಂದರು ಟೀಚರ್. ಒಂದಿಷ್ಟು ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದರು, “ಆದ್ರೂ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು ಕಣೇ. ಈಗ್ಲೂ ಇದೆ.”

“ಗೊತ್ತು. ಅದಕ್ಕೇ ಇಷ್ಟು ವರ್ಷ ಬರಲಿಲ್ಲ.”

ಅವರು ಟೀಚರ ಅಂಗೈಗೆ ಹಣೆ ಒತ್ತಿ ಅತ್ತರು. ಟೀಚರ್ ಅಳಲಿಲ್ಲ. ಆದರೆ ಸಂಜೆ ಅವರು ಹೊರಟು ನಿಂತಾಗ, ನಾಳೆಯ ಮ್ಯಾಚ್ ನೋಡಿಕೊಂಡು ಹೋಗಬಹುದಿತ್ತು ಎಂದರು. ರೂಮ್‌ಮೇಟ್ ಅಲ್ಲೇ ಉಳಿದರು. ಮರುದಿನ ಇಬ್ಬರೂ ಕೂತು ಇಡೀ ಮ್ಯಾಚ್ ನೋಡಿದರು ಎಂದು ಆಮೇಲೆ ತಂಗಿ ಹೇಳಿದರು.

ಆ ವಾರವೇ, ಎರಡು ಮ್ಯಾಚುಗಳ ನಡುವಿನ ಬಿಡುವಿನ ದಿನ, ಮಧ್ಯಾಹ್ನದ ಗಂಜಿ ಕುಡಿಯುವ ಮೊದಲೇ ಟೀಚರ್ ಹೋದರು. ಕೊಯ್ಲಿನ ಕಾಲವಾದ್ದರಿಂದ ಬಂದ ಜನ ಕಡಿಮೆ. ಬಂದವರೂ ತೋಟದ ಬಟ್ಟೆಯಲ್ಲೇ ಬಂದು, ಚಿತೆ ಹತ್ತಿಕೊಂಡದ್ದೇ ಕೆಲಸಕ್ಕೆ ಮರಳಿದರು. ನಮ್ಮ ಹಳೆಯ ತಂಡದವರಲ್ಲಿ ಮೂವರು ಮಾತ್ರ ಇದ್ದೆವು.

ಪ್ರವಾಸದ ಕೊನೆಯ ಮ್ಯಾಚಿನ ದಿನ ನಾನು ಗಂಡನ ಮೊಬೈಲಿನಲ್ಲಿ ಆಟ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದೆ. ನನ್ನ ಫೋನಿಗೆ ಬೆಂಗಳೂರಿನಿಂದ ಟೀಚರ ರೂಮ್‌ಮೇಟ್ ಕರೆ ಮಾಡಿದರು. ಮ್ಯಾಚ್ ನೋಡುತ್ತಿದ್ದೀಯಾ ಎಂದು ಕೇಳಿದರು. ಹೌದೆಂದೆ. ಒಬ್ಬಳೇ ನೋಡಲು ಆಗುತ್ತಿಲ್ಲ, ಫೋನ್ ಇಡಬೇಡ ಎಂದರು. ನಾನು ಫೋನನ್ನು ಕಿವಿಗೆ ಹಿಡಿದೇ ಕೂತೆ. ಅವರ ಮನೆಯ ಟಿ.ವಿ. ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ನಮ್ಮ ಕಡೆ ನೆಟ್‌ವರ್ಕ್ ನಿಧಾನ, ಅಲ್ಲಿ ಆಗಿದ್ದು ನನಗೆ ತಡವಾಗಿ ಕಾಣುತ್ತಿತ್ತು. ಕೊನೆಗೆ, ನನ್ನ ಕೈಯಲ್ಲಿದ್ದ ಪರದೆಯಲ್ಲಿ ಆಸ್ಟ್ರೇಲಿಯಾದ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ, ಅತ್ತ ಕಡೆ ಅವರು ದೊಡ್ಡದಾಗಿ ಉಸಿರು ಬಿಟ್ಟರು. ನಮ್ಮವರ ಕೊನೆಯ ವಿಕೆಟ್ ಹೋಯಿತೆಂದು ಗೊತ್ತಾಯಿತು. ಆದರೂ ಕಣ್ಣು ತೆಗೆಯದೆ, ಅದು ಬೀಳುವವರೆಗೂ ನೋಡಿದೆ.