ಕರ್ಪೂರದ ಮರಕ್ಕೊಂದು ಬೊಕೆ

ಆಗಿನ್ನೂ ನನ್ನ ಮಾತನ್ನು ಜನ ನಂಬುತ್ತಿದ್ದ ಕಾಲ. ಈಗ ನಾನು ಜ್ವರ ಅಂದರೆ ಅಮ್ಮ ಥರ್ಮಾಮೀಟರ್ ತಂದು, ನಾನು ಅದನ್ನು ಬಿಸಿ ಕಾಫಿಯಲ್ಲಿ ಅದ್ದದ ಹಾಗೆ ಎದುರಿಗೇ ನಿಂತಿರುತ್ತಾಳೆ. ಹತ್ತು ವರ್ಷದವಳಿದ್ದಾಗ ಹಾಗಿರಲಿಲ್ಲ. ಜಪಾನಿನ ಕಾವಾಸಾಕಿ ಊರಿನ ನಮ್ಮ ಮನೆಯಲ್ಲಿ ಜಪಾನಿ ಸರಿಯಾಗಿ ಬರುತ್ತಿದ್ದದ್ದು ನನಗೊಬ್ಬಳಿಗೇ. ಗ್ಯಾಸ್‌ನವನ ಫೋನು, ವಾರ್ಡ್ ಆಫೀಸಿನ ಕಾಗದ, ಡೆಂಟಿಸ್ಟಿನ ಬೈಗುಳ, ಎಲ್ಲವೂ ನನ್ನ ಬಾಯಿ ಮೂಲಕವೇ ಹಾದುಹೋಗಬೇಕಿತ್ತು. ಹೊರದೇಶದಲ್ಲಿ ಬೆಳೆದು, ದೊಡ್ಡವರ ಸೊಂಟದೆತ್ತರ ಇದ್ದಾಗಲೇ ಅವರಿಗೆ ದುಭಾಷಿಯಾಗಿ ನಿಂತವರಿಗೆ ಆ ಕೆಲಸದ ಗತ್ತು ಗೊತ್ತಿರುತ್ತದೆ. ಡೆಂಟಿಸ್ಟ್ ಒಮ್ಮೆ "ಈ ಹುಡುಗಿ ಚಾಕಲೇಟು ಬಿಡಲೇಬೇಕು" ಅಂದದ್ದನ್ನು ನಾನು "ಹಲ್ಲು ತುಂಬಾ ಚೆನ್ನಾಗಿದೆಯಂತೆ" ಎಂದು ಕನ್ನಡಕ್ಕೆ ತಂದಿದ್ದೆ. ಅಮ್ಮ ಖುಷಿಯಾಗಿ ಬರುವ ದಾರಿಯಲ್ಲಿ ಚಾಕಲೇಟು ಕೊಡಿಸಿದ್ದಳು.

ಆ ವರ್ಷ ಮಾರ್ಚ್ ಕೊನೆಗೆ ಮೈಸೂರಿನಿಂದ ದೊಡ್ಡಮ್ಮ ಬಂದಳು. ಅಮ್ಮನ ಅಕ್ಕ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವಳು. ಒಂದು ಸೂಟ್‌ಕೇಸಿನಲ್ಲಿ ಸೀರೆ, ಇನ್ನೊಂದರಲ್ಲಿ ಒಂದು ಸಣ್ಣ ರಾಜ್ಯಕ್ಕೆ ಸಾಲುವಷ್ಟು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮನೆಯಲ್ಲೇ ಕುಟ್ಟಿದ ಅರಿಶಿನ. ಏರ್‌ಪೋರ್ಟಿನ ನಾಯಿ ಆ ಸೂಟ್‌ಕೇಸನ್ನು ಮೂಸಿ ಅಲ್ಲೇ ನೌಕರಿಗೆ ರಾಜೀನಾಮೆ ಕೊಟ್ಟಿತು ಎಂದು ನಾನು ಕ್ಲಾಸಿನಲ್ಲಿ ಹೇಳಿದ್ದೆ. ನಿಜವಾಗಿ ಅದು ಸೀನಿತು, ಅಷ್ಟೇ.

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ದಿಬ್ಬ, ದಿಬ್ಬದ ಮೇಲೆ ಪುಟ್ಟ ಜಪಾನಿ ಗುಡಿ, ಗುಡಿಯ ಪಕ್ಕ ಒಂದು ಮರ. ಆ ಮರದ ಬುಡ ನಮ್ಮ ಹಾಲ್‌ಗಿಂತ ಅಗಲ. ಇದು ಉತ್ಪ್ರೇಕ್ಷೆಯಲ್ಲ, ನಮ್ಮ ಹಾಲ್ ಅಷ್ಟು ಚಿಕ್ಕದು. ಬುಡದ ಸುತ್ತ ನನ್ನ ತೋಳಿನಷ್ಟು ದಪ್ಪದ ಹುಲ್ಲಿನ ಹಗ್ಗ, ಹಗ್ಗದಿಂದ ಇಳಿಬಿದ್ದ ಬಿಳಿ ಕಾಗದದ ಪಟ್ಟಿಗಳು. ದೇವರಿರುವ ಮರ ಅಂತ ಅದರ ಅರ್ಥ. ನಾನು ಅಲ್ಲಿಯವರೆಗೆ ಅದನ್ನು ಕಣ್ಣಾಮುಚ್ಚಾಲೆ ಆಡಲು ಬಳಸುತ್ತಿದ್ದೆ.

ಮೊದಲ ದಿನ ಮೆಟ್ಟಿಲು ಹತ್ತಿ ಬಂದ ದೊಡ್ಡಮ್ಮ ಕೆಳಗೆ ಬಿದ್ದಿದ್ದ ಒಂದು ಎಲೆಯನ್ನು ಎತ್ತಿ, ಕೈಯಲ್ಲಿ ತಿಕ್ಕಿ ಮೂಸಿದಳು. ಆಮೇಲೆ ನನ್ನ ಮೂಗಿಗೂ ಹಿಡಿದಳು.

"ಏನು ವಾಸನೆ ಹೇಳು ಪುಟ್ಟಿ."

"ಕೆಮ್ಮಿನ ಔಷಧಿ."

"ಕರ್ಪೂರ ಕಣೇ. ಅಲ್ಲಿ ನಾವು ದಿನಾ ತಟ್ಟೇಲಿಟ್ಟು ಹಚ್ತೀವಿ. ಅದರ ತಾಯಿ ಇಲ್ಲಿ ಬಂದು ನಿಂತಿದಾಳೆ ನೋಡು." ಅಂದವಳೇ ಕಲ್ಲುಕಟ್ಟೆಯ ಮೇಲೆ ಟವೆಲ್ ಹಾಸಿ ಕೂತುಬಿಟ್ಟಳು.

ದೊಡ್ಡಮ್ಮ ಮೈಸೂರಿನಲ್ಲಿ ಒಂದು ಅರಳಿಮರದ ಕೆಳಗೆ ಗೆಳತಿಯರ ಜೊತೆ ಧ್ಯಾನಕ್ಕೆ ಕೂರುತ್ತಿದ್ದಳು. ಅದಕ್ಕೆ ಅವರು 'ಪ್ರಯಾಣ' ಅನ್ನುತ್ತಿದ್ದರು. ಕಣ್ಣುಮುಚ್ಚಬೇಕು. ಅಂಗಾಲಿನಿಂದ ಬೇರು ಇಳಿಯುತ್ತಿದೆ ಅಂದುಕೊಳ್ಳಬೇಕು. ಮಣ್ಣಿನೊಳಗೆ ಹೋಗಿ ಮರದ ಬೇರನ್ನು ಹುಡುಕಬೇಕು. ಮರ 'ಬಾ' ಅಂದರೆ ಅದರ ನೀರಿನ ಜೊತೆಯಲ್ಲೇ ಒಳಗೆ ಏರಬೇಕು.

"ಬಾ ಅನ್ನದೇ ಇದ್ರೆ?" ನಾನು ಕೇಳಿದೆ.

"ಬಾಗಿಲ ಹೊರಗೇ ಕೂತಿರಬೇಕು."

"ನಿನ್ನನ್ನ ಕರೆದಿದ್ಯಾ?"

"ಹನ್ನೆರಡು ವರ್ಷದಿಂದ ಹೊರಗೇ ಕೂರಿಸಿದೆ." ದೊಡ್ಡಮ್ಮ ನಕ್ಕಳು. "ಕತ್ತಲೆ ಬಿಟ್ರೆ ಏನೂ ಕಾಣಲ್ಲ ನಂಗೆ. ಈ ಮರ ಆದ್ರೂ ಕರೆಯತ್ತೇನೋ ನೋಡೋಣ. ನೀನೂ ಕೂತ್ಕೊ."

ಕೂತೆ. ಒಂದು ಸೊಳ್ಳೆ ನನ್ನ ಮೊಣಕಾಲಿನಲ್ಲಿ ಊಟ ಮುಗಿಸಿ ಮೊಮ್ಮಕ್ಕಳನ್ನೂ ಕರೆತಂದಿತು. ನಾನು ಯೋಚಿಸುತ್ತಿದ್ದದ್ದು ಕೆಳಗಿನ ಕೊಂಬಿನಿ ಅಂಗಡಿಯಲ್ಲಿ ಸಿಗುವ ಮೆಲನ್ ಬನ್ನಿನ ಬಗ್ಗೆ. ಒಂದು ಯುಗದ ಮೇಲೆ ದೊಡ್ಡಮ್ಮ ಕಣ್ಣು ಬಿಟ್ಟು, "ಏನಾದ್ರೂ ಕಾಣಿಸ್ತಾ?" ಅಂದಳು.

ಇಲ್ಲ ಅನ್ನಬಹುದಿತ್ತು. ಆದರೆ ಇಲ್ಲ ಅನ್ನುವುದರಲ್ಲಿ ಏನು ಮಜಾ.

"ಹೂಂ. ಒಳಗೆ ಮೆಟ್ಟಿಲಿತ್ತು. ಹಸಿರು ದೀಪ. ಲಿಫ್ಟೂ ಇತ್ತು, ನಾನು ಮೆಟ್ಟಿಲಲ್ಲೇ ಹೋದೆ. ಮೇಲೆ ಒಬ್ಳು ಅಜ್ಜಿ, ನೆಲ ಮುಟ್ಟೋಷ್ಟು ಬಿಳೀ ಕೂದಲು. 'ಬಾರೇ ಮಗು, ಎಷ್ಟು ಹೊತ್ತಾಯ್ತು' ಅಂದ್ಲು."

ಲಿಫ್ಟು ಅಂದಾಗ ದೊಡ್ಡಮ್ಮ ನಗುತ್ತಾಳೆ, ಬೆನ್ನಿಗೊಂದು ಗುದ್ದುತ್ತಾಳೆ, ಕಥೆ ಮುಗಿಯುತ್ತದೆ ಎಂದು ಕಾದಿದ್ದೆ. ಅವಳು ನಗಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು ಮರವನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣು ಒದ್ದೆಯಾಗಿತ್ತು.

"ಮಕ್ಕಳಿಗೆ ಬಾಗಿಲು ಹಾಕಲ್ಲ ಅಂತಾರೆ, ನಿಜ." ಅಂದಳು.

ಆ ಸಂಜೆಯೇ ಸುದ್ದಿ ಮೈಸೂರಿನ ವಾಟ್ಸಾಪ್ ಗುಂಪಿಗೆ ಹೋಯಿತು. ವಾರದೊಳಗೆ ನಾನು ಅಲ್ಲಿ ದೊಡ್ಡ ಮನುಷ್ಯಳು. ದಿನಾ ಸ್ಕೂಲಿನಿಂದ ಬಂದು ದೊಡ್ಡಮ್ಮನ ಜೊತೆ ಕೂರುವುದು, ಎದ್ದು ವರದಿ ಒಪ್ಪಿಸುವುದು, ಅದು ವಾಯ್ಸ್ ಮೆಸೇಜಾಗಿ ಮೈಸೂರು ಸೇರುವುದು. ಮರದೊಳಗೆ ಜಿಂಕೆ ಬಂತು, ನದಿ ಬಂತು, ಒಮ್ಮೆ ಬುಲೆಟ್ ಟ್ರೇನೂ ಬಂತು. ಅಮ್ಮನಿಗೆ ಮಾತ್ರ ಅನುಮಾನ. ಊಟಕ್ಕೆ ಬಡಿಸುತ್ತಾ, "ನಿಧಿ, ಮರದ ಅಜ್ಜಿಗೆ ನಿನ್ನ ಹೋಮ್‌ವರ್ಕ್ ಬಗ್ಗೆ ಏನಾದ್ರೂ ಗೊತ್ತಾ?" ಅನ್ನುತ್ತಿದ್ದಳು. ದೊಡ್ಡಮ್ಮ, "ಅವಳನ್ನ ರೇಗಿಸ್ಬೇಡ ಕಣೇ" ಎಂದು ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದಳು.

ಒಂದು ದಿನ ಮೆಟ್ಟಿಲಿಳಿಯುವಾಗ ದೊಡ್ಡಮ್ಮ ನಿಧಾನಕ್ಕೆ ಕೇಳಿದಳು.

"ಪುಟ್ಟಿ, ನಾಳೆ ಒಳಗೆ ಹೋದಾಗ ಅಜ್ಜಿ ಹತ್ರ ಒಂದು ಮಾತು ಕೇಳ್ತೀಯಾ? ನನ್ನನ್ನ ಯಾಕೆ ಕರೀತಿಲ್ಲ ಅಂತ. ನಾನು ಏನಾದ್ರೂ ಮಾಡ್ಬೇಕಾ ಅಂತ."

ಅಷ್ಟು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು, ಹತ್ತು ವರ್ಷದ ನನ್ನೆದುರು ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ಹಾಗೆ ನಿಂತಿದ್ದಳು. ಆಗಲೇ ಹೇಳಿಬಿಡಬೇಕಿತ್ತು. ನಾನು ಮಾರನೆಯ ದಿನ ಕಣ್ಣುಮುಚ್ಚಿ, ಬೇಕೆಂದೇ ಹೆಚ್ಚು ಹೊತ್ತು ಕೂತು, ಎದ್ದು ಹೇಳಿದೆ: "ಅರಿಶಿನ ಕುಂಕುಮ ಬೇಕಂತೆ. ಆಮೇಲೆ ಪುಳಿಯೋಗರೆ."

ಪುಳಿಯೋಗರೆ ನನಗೆ ಬೇಕಾಗಿತ್ತು. ಅರಿಶಿನ ಸುಮ್ಮನೆ, ನಂಬುವ ಹಾಗಿರಲಿ ಅಂತ.

ಮರುದಿನ ನಾನು ಸ್ಕೂಲಿನಲ್ಲಿದ್ದಾಗ ದೊಡ್ಡಮ್ಮ ಒಬ್ಬಳೇ ಸ್ನಾನ ಮಾಡಿ, ಬೆಳ್ಳಿ ಬಟ್ಟಲಿನಲ್ಲಿ ಅರಿಶಿನ ಕಲಸಿಕೊಂಡು ದಿಬ್ಬ ಹತ್ತಿದ್ದಾಳೆ. ಅರಳಿಮರಕ್ಕೆ ಮಾಡುವ ಹಾಗೇ, ಕೈಗೆ ಎಟುಕುವಷ್ಟು ಎತ್ತರಕ್ಕೆ ತೊಗಟೆಗೆಲ್ಲ ಬಳಿದಿದ್ದಾಳೆ. ಹಗ್ಗಕ್ಕೂ ಬಳಿದಿದ್ದಾಳೆ. ಬಿಳಿ ಕಾಗದದ ಪಟ್ಟಿಗಳಿಗೆ ಒಂದೊಂದಕ್ಕೂ ಕುಂಕುಮದ ಬೊಟ್ಟು ಇಟ್ಟಿದ್ದಾಳೆ.

ಸಂಜೆ ನಾವಿಬ್ಬರೂ ಹೋದಾಗ ಓಕಾದಾ ಸಾನ್ ಮರದ ಬುಡದಲ್ಲಿ ಮಂಡಿಯೂರಿ ಕೂತಿದ್ದರು. ಓಕಾದಾ ಸಾನ್ ಅಂದರೆ ಆ ಗುಡಿಯ ಅಂಗಳ ಗುಡಿಸುವ ಮುದುಕರು; ಸಾನ್ ಅನ್ನುವುದು ನಮ್ಮ 'ಅವರು' ಇದ್ದ ಹಾಗೆ. ವಸಂತದಲ್ಲಿ ಆ ಮರ ಹಳೆಯ ಎಲೆಯನ್ನೆಲ್ಲ ಉದುರಿಸುತ್ತದೆ, ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಗುಡಿಸುತ್ತಲೇ ಇರುತ್ತಿದ್ದರು. ಆವತ್ತು ಪೊರಕೆ ಬದಿಗಿತ್ತು. ಬಕೆಟ್, ಸಣ್ಣ ಬ್ರಶ್ಶು. ಹಗ್ಗವನ್ನು ಉಜ್ಜುತ್ತಿದ್ದರು. ಬಕೆಟ್ಟಿನ ನೀರು ಹಳದಿ, ಅವರ ಬೆರಳು ಹಳದಿ, ಹಗ್ಗ ಮಾತ್ರ ಉಜ್ಜಿದಷ್ಟೂ ಇನ್ನಷ್ಟು ಹಳದಿ. ನಮ್ಮ ಮನೆಯ ಅರಿಶಿನ ಒಮ್ಮೆ ಹತ್ತಿದರೆ ಬಿಡುವುದಿಲ್ಲ ಎಂದು ಅವರಿಗೆ ಹೇಳುವವರು ಯಾರಿದ್ದರು?

ಅವರು ಎದ್ದು ಬಗ್ಗಿ ನಮಸ್ಕರಿಸಿ, ಮೊದಲು ತಾವೇ "ಸುಮಿಮಾಸೆನ್" ಅಂದರು. ತಪ್ಪು ನಮ್ಮದು, ಕ್ಷಮೆ ಅವರದು. ಆಮೇಲೆ ನನಗೆ ಜಪಾನಿಯಲ್ಲಿ ನಿಧಾನವಾಗಿ ಹೇಳಿದರು. ಈ ಹಗ್ಗ ಭತ್ತದ ಹುಲ್ಲಿನದು. ಪ್ರತಿ ವರ್ಷದ ಕೊನೆಗೆ ನಾನೂ ಇನ್ನಿಬ್ಬರು ಗೆಳೆಯರೂ ಕೂತು ಹೊಸೆಯುತ್ತೇವೆ. ಈಗ ಒಬ್ಬರಿಗೆ ಕೈ ಆಡುವುದಿಲ್ಲ. ಇದನ್ನು ತೆಗೆದು ಹೊಸದು ಮಾಡಬೇಕು. ಮರಕ್ಕೆ ವಯಸ್ಸಾಗಿದೆ, ತೊಗಟೆಗೆ ಏನೂ ಹಚ್ಚಬೇಡಿ. ಭಕ್ತಿಯಿಂದ ಮಾಡಿದ್ದಾರೆ ಎಂದು ಗೊತ್ತು, ಕೋಪವಿಲ್ಲ. "ಆದರೆ ಹೀಗೆ ಮಾಡಲು ಅವರಿಗೆ ಹೇಳಿದ್ದು ಯಾರು?"

ಪಕ್ಕದಲ್ಲಿ ದೊಡ್ಡಮ್ಮ ಏನೂ ಅರ್ಥವಾಗದೆ ನಗುತ್ತಾ ನಿಂತಿದ್ದಳು. ನಾನು ಅವಳಿಗೆ ಕಾಣದ ಹಾಗೆ ತಲೆಯ ಬಳಿ ಬೆರಳು ತಿರುಗಿಸಿ ಹೇಳಿದೆ: "ಯಾರೂ ಹೇಳಿಲ್ಲ. ದೊಡ್ಡಮ್ಮ ಸ್ವಲ್ಪ… ಬೊಕೆ."

ಜಪಾನಿಯಲ್ಲಿ ಬೊಕೆ ಅಂದರೆ ವಯಸ್ಸಾಗಿ ಅರಳುಮರಳು ಹಿಡಿದಿರುವುದು. ಕ್ಲಾಸಿನಲ್ಲಿ ನಾವು ಒಬ್ಬರಿಗೊಬ್ಬರು ಬೈದುಕೊಳ್ಳುವ ಮಾತು. ಓಕಾದಾ ಸಾನ್ ಅವರ ಮುಖ ಮೆತ್ತಗಾಯಿತು. "ಆ… ಹಾಗೋ" ಎಂದು ದೊಡ್ಡಮ್ಮನಿಗೆ ಇನ್ನೊಮ್ಮೆ ಬಗ್ಗಿದರು.

"ಏನಂತೆ?" ದೊಡ್ಡಮ್ಮ ಕೇಳಿದಳು.

"ಹೊಸ ಹಗ್ಗ ಹಾಕ್ತಾರಂತೆ. ಮರಕ್ಕೆ ಅರಿಶಿನ ಸಾಕಾಯ್ತಂತೆ, ಇನ್ನು ಹಚ್ಚಬೇಡಿ ಅಂದ್ರು."

"ಬೊಕೆ ಅಂದ ಹಾಗಿತ್ತು?"

ನನ್ನ ಮಿದುಳು ಬುಲೆಟ್ ಟ್ರೇನಿನ ವೇಗದಲ್ಲಿ ಓಡಿತು, ತಪ್ಪು ಸ್ಟೇಷನ್ನಿನಲ್ಲಿ ನಿಂತಿತು. "ಹೂವಿನ ಬೊಕೆ ಅವ್ರಿಗೆ ಇಷ್ಟ ಅಂತೆ."

ಅಲ್ಲಿಂದ ಎರಡು ತಿಂಗಳು ಓಕಾದಾ ಸಾನ್ ದೊಡ್ಡಮ್ಮನನ್ನು ಗಾಜಿನ ಸಾಮಾನಿನ ಹಾಗೆ ನೋಡಿಕೊಂಡರು. ಅವಳು ಬರುವುದು ಕಂಡರೆ ಪೊರಕೆ ಬಿಟ್ಟು ಕೆಳಗಿಳಿದು ಬಂದು ಮೊಣಕೈ ಹಿಡಿದು ಹತ್ತಿಸುವರು. ದಾರಿ ತಪ್ಪಿದರೆ ಇರಲಿ ಎಂದು ಗುಡಿಯ ವಿಳಾಸ ಬರೆದ ಚೀಟಿಯನ್ನು ಅವಳ ಕೈಗಿತ್ತು ಬೆರಳು ಮಡಿಸುವರು. ಪ್ರತಿ ಮೆಟ್ಟಿಲಿಗೂ ಒಂದು, ಎರಡು, ಮೂರು ಎಂದು ಜಪಾನಿಯಲ್ಲಿ ಎಣಿಸುವರು: "ಇಚಿ… ನಿ… ಸಾನ್…" ದೊಡ್ಡಮ್ಮ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಅವರ ಹಿಂದೆ ಎಣಿಸುವಳು. ಹತ್ತನೇ ಕ್ಲಾಸಿಗೆ ಗಣಿತ ಹೇಳಿಕೊಟ್ಟವಳು.

"ಎಷ್ಟು ಮರ್ಯಾದಸ್ಥರು ಈ ಜನ. ಊರಲ್ಲಿ ಯಾರು ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸ್ತಾರೆ ಹೇಳು." ಅನ್ನುವಳು. ನಾನು ಹಿಂದೆ ಬರುತ್ತಾ ನನ್ನ ಬೂಟಿನ ಲೇಸನ್ನು ನೋಡುತ್ತಿದ್ದೆ. ಆ ದಿನಗಳಲ್ಲಿ ಮರದೊಳಗಿನ ಅಜ್ಜಿ ಊರಿಗೆ ಹೋಗಿದ್ದಾಳೆ ಎಂದು ಹೇಳಿ ವರದಿ ನಿಲ್ಲಿಸಿದ್ದೆ. ಮರಕ್ಕೆ ಹೊಸ ಹಗ್ಗ ಬಂದಿತ್ತು, ಮೊದಲಿನದಕ್ಕಿಂತ ತೆಳ್ಳಗೆ.

ಜೂನಿನಲ್ಲಿ ಹೊರಡುವ ಹಿಂದಿನ ದಿನ ದೊಡ್ಡಮ್ಮ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಹೂವು ಕೊಂಡಳು. ಗುಲಾಬಿ ಬಣ್ಣದ ಕಾಗದ ಸುತ್ತಿದ ದೊಡ್ಡ ಗುಚ್ಛ. ನಾನು ಬೇಡ ಅಂದೆ, ಹೊಟ್ಟೆನೋವು ಅಂದೆ, ಇವತ್ತು ಗುಡಿ ರಜಾ ಅಂದೆ. ಅವಳು ಕೈ ಹಿಡಿದು ಎಳೆದುಕೊಂಡೇ ಹೋದಳು. ಓಕಾದಾ ಸಾನ್ ಎದುರು ನಿಂತು, ಎರಡೂ ಕೈಯಲ್ಲಿ ಹೂವು ಮುಂದೆ ಚಾಚಿ, ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಜಪಾನಿಯಲ್ಲಿ ಹೇಳಿದಳು: "ವಾತಾಶಿ… ಬೊಕೆ. ದೋಝೋ."

ನನ್ನ ಬೊಕೆ, ತಗೊಳ್ಳಿ ಎಂದು ಅವಳ ಲೆಕ್ಕ. ಅವರ ಕಿವಿಗೆ ಬಿದ್ದದ್ದು: ನಾನು ಅರಳುಮರಳು, ತಗೊಳ್ಳಿ.

ಕ್ಲಾಸಿನಲ್ಲಿ ಹೇಳಿದ್ದರೆ ಎರಡು ವಾರ ಸಾಲುವಷ್ಟು ನಗು ಇದರಲ್ಲಿತ್ತು. ನಾನು ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಓಕಾದಾ ಸಾನ್ ಹೂವನ್ನು ನೋಡಿದರು, ಅವಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಕೇಳಿದರು: "ನಿಮ್ಮ ದೊಡ್ಡಮ್ಮ ಊರಿನಲ್ಲಿ ಏನು ಮಾಡುತ್ತಿದ್ದರು?"

"ಗಣಿತದ ಟೀಚರ್." ಎಂದು ನನ್ನ ಬೂಟಿನ ಲೇಸಿಗೆ ಹೇಳಿದೆ.

ಅವರು ಹೂವನ್ನು ಎದೆಗೆ ಹಿಡಿದು, ಸೊಂಟದವರೆಗೆ ಬಗ್ಗಿ, "ವಾತಾಶಿ ಮೊ" ಅಂದರು. ನಾನೂ ಅಷ್ಟೇ, ಅಂತ. ಆಮೇಲೆ ಒಳಗೆ ಹೋಗಿ ಹಳೆಯ ಹಗ್ಗದ ಒಂದು ಎಳೆಯನ್ನು ಬಳೆಯ ಹಾಗೆ ಸುತ್ತಿ ತಂದು ಅವಳ ಕೈಗಿಟ್ಟರು. ಹಳದಿ ಬಿಡದೆ ಹಾಗೇ ಇತ್ತು.

"ಏನಂದ್ರು?"

"ಥ್ಯಾಂಕ್ಸ್ ಅಂದ್ರು."

ಓಕಾದಾ ಸಾನ್ ನನಗೆ ಬೈಯಲಿಲ್ಲ. ಬೈದಿದ್ದರೆ ಅದನ್ನೂ ಕನ್ನಡಕ್ಕೆ ನಾನೇ ತರಬೇಕಿತ್ತು.

ಇದೆಲ್ಲ ಆಗಿ ಏಳು ವರ್ಷ. ಅಂಗಳದಲ್ಲಿ ಈಗ ಓಕಾದಾ ಸಾನ್ ಇಲ್ಲ. ಎಲೆ ಊದುವ ಮೆಷೀನು ಹಿಡಿದ ಯಾರೋ ವಾರಕ್ಕೊಮ್ಮೆ ಬರುತ್ತಾರೆ, ಹಗ್ಗ ಅಂಗಡಿಯಿಂದ ಬರುತ್ತದೆ. ಅವರೆಲ್ಲಿ ಎಂದು ಕೇಳುವ ಧೈರ್ಯ, ಇಡೀ ಸ್ಕೂಲಿನಲ್ಲಿ ಬಾಯಿಬಡುಕಿ ಎಂದು ಹೆಸರಾದ ನನಗೆ, ಬಂದಿಲ್ಲ. ಆ ಹಳದಿ ಹುಲ್ಲಿನ ಬಳೆ ಮಾತ್ರ ಮೈಸೂರಿನ ದೇವರಮನೆಯಲ್ಲಿದೆ. ಮರ ಕೊಟ್ಟ ಪ್ರಸಾದ ಎಂದು ದೊಡ್ಡಮ್ಮ ಬಂದವರಿಗೆಲ್ಲ ತೋರಿಸುತ್ತಾಳೆ.

ಈ ಏಪ್ರಿಲ್‌ನಲ್ಲಿ ಒಂದು ದಿನ ಎಲೆ ಉದುರುತ್ತಿದ್ದ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಅವಳಿಗೆ ವಿಡಿಯೊ ಕಾಲ್ ಮಾಡಿದೆ. ಮರ ತೋರಿಸಿದೆ. ಅವಳು ಸ್ಕ್ರೀನಿಗೇ ಕೈ ಮುಗಿದಳು.

"ದೊಡ್ಡಮ್ಮ, ಒಂದು ವಿಷಯ. ಆಗ ನಂಗೆ ಏನೂ ಕಾಣಿಸಿರ್ಲಿಲ್ಲ. ಮೆಟ್ಟಿಲು, ಅಜ್ಜಿ, ಅರಿಶಿನ ಬೇಕು ಅಂದಿದ್ದು, ಎಲ್ಲ ನಾನೇ ಕಟ್ಟಿದ್ದು."

ಅವಳು ಫೋನನ್ನು ಮುಖದ ಹತ್ತಿರ ತಂದುಕೊಂಡಳು.

"ಹಾಗನ್ಸತ್ತೆ ಪುಟ್ಟಿ. ಚಿಕ್ಕೋರಿದ್ದಾಗ ಕಾಣತ್ತೆ, ದೊಡ್ಡೋರಾದ್ಮೇಲೆ ಹೋಗ್ಬಿಡತ್ತೆ. ಆಮೇಲೆ ನಾನೇ ಕಟ್ಟಿದ್ದೇನೋ ಅನ್ನೋ ಅನುಮಾನ ಬರತ್ತೆ. ಬೇಜಾರ್ ಮಾಡ್ಕೋಬೇಡ."

"ಅಲ್ಲ ದೊಡ್ಡಮ್ಮ. ಸುಳ್ಳು ಹೇಳಿದ್ದೆ."

"ನನ್ನ ಹತ್ರ ನೀನ್ಯಾಕೆ ಸುಳ್ಳು ಹೇಳ್ತೀಯ?"

ಅವಳು ಗದರಿಸಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ನನ್ನ ಅಷ್ಟೂ ಸುಳ್ಳನ್ನು ನಂಬಿದವಳು ಈ ಒಂದು ನಿಜವನ್ನು ನಂಬಲಿಲ್ಲ. ನನಗೆ ಯಾವತ್ತೂ ಇರದಿದ್ದದ್ದು ಕಳೆದುಹೋಯಿತು ಎಂದು ಅಲ್ಲಿ ಅವಳು ಮರುಗುತ್ತಿದ್ದಳು. ನಾನು ಕಳೆದುಕೊಂಡದ್ದು ಬೇರೆ, ನನ್ನ ಮಾತಿನ ಮೇಲೆ ಜನ ಇಟ್ಟಿದ್ದ ನಂಬಿಕೆ; ಅದನ್ನು ಅವಳಿಗೆ ಹೇಳುವ ಹಾಗಿಲ್ಲ. ಬೊಕೆಯ ಮಾತನ್ನಂತೂ ನಾನು ಎತ್ತಲೇ ಇಲ್ಲ.

"ಈಗ ಕಣ್ಣುಮುಚ್ಚು ನೋಡೋಣ." ದೊಡ್ಡಮ್ಮ ಅಂದಳು. "ಏನು ಕಾಣತ್ತೆ?"

ಮುಚ್ಚಿದೆ. ಕೆಮ್ಮಿನ ಔಷಧಿಯ ವಾಸನೆ. ಎಲೆ ಬೀಳುವ ಸದ್ದು.

"ಕತ್ತಲೆ." ಅಂದೆ.

"ನಂಗೂ ಅಷ್ಟೇ. ಇರ್ಲಿ, ಇಬ್ರೂ ಹೊರಗೇ ಕೂತಿರೋಣ."

'ನಂಗೂ ಅಷ್ಟೇ' ಅನ್ನುವುದಕ್ಕೆ ಜಪಾನಿಯಲ್ಲಿ ಏನನ್ನುತ್ತಾರೆ, ಓಕಾದಾ ಸಾನ್ ಆವತ್ತು ಅವಳಿಗೆ ಅದನ್ನೇ ಅಂದಿದ್ದರು ಎಂದು ನಾನು ಇನ್ನೂ ಹೇಳಿಲ್ಲ.